ಲಘು ಗಣಕ, ಮುಕ್ತ ತಂತ್ರಾಂಶ : ಶಾಲೆಗಳಿಗೊಂದು ಆಯ್ಕೆಯ ವಿಚಾರ

ವಿದ್ಯೆಯನ್ನು ಆಶ್ರಯಿಸಿದವರಿಗೆ ವಿದ್ಯೆಯ ಸಾಧನಗಳ ವಿಚಾರವೂ ಆವಶ್ಯಕವೇ ಸರಿ. ಓಲೆಗರಿಯ ಕಾಲದಲ್ಲಿ ಗರಿಯನ್ನು ಆಯ್ದು, ಹದಗೊಳಿಸಿ, ಸಮನಾಗಿ ಕತ್ತರಿಸಿ, ರಂಧ್ರವಿಟ್ಟು ದಾರ ಪೋಣಿಸುವ ಕ್ರಮವನ್ನು ಬಲ್ಲವನೇ ಒಳ್ಳೆಯ ಲಿಪಿಕಾರನೆನಿಸಿಕೊಳ್ಳುತ್ತಿದ್ದನು. ಹದಗೆಟ್ಟ ಗರಿಯ ಮೇಲೆ ಬರೆದ ಸತ್ಕಾವ್ಯವೂ ಹುಳುವಿಗೆ ಆಹಾರವಾಗುತ್ತಿತ್ತು. ಇಂದು ಗರಿಯ ಸ್ಥಾನಕ್ಕೆ ಗಣಕಯಂತ್ರವು ಬಂದಿದೆ. ಆದುದರಿಂದ ಕನ್ನಡ ಪಂಡಿತನಾದವನು ಗಣಕದ ಆಯ್ಕೆಯನ್ನು ಕುರಿತು ನಾಲ್ಕು ಮಾತು ಬರೆದರೆ ಅದು ಅಧಿಕಪ್ರಸಂಗವಾಗಲಾರದೆಂದು ಭಾವಿಸಿದ್ದೇನೆ.

ಮಠಮಾನ್ಯಗಳ ಆಶ್ರಯದಲ್ಲಿ ನಡೆಯುವ ನಮ್ಮಂಥ ಶಾಲೆಗಳಿಗೆ ಹಳೆಯ ವಿದ್ಯಾರ್ಥಿಗಳೂ ದಾನಿಗಳೂ ಬಂದು, “ಶಾಲೆಗೆ ಏನು ಸಲ್ಲಿಸಲಿ?” ಎಂದು ಕೇಳುವುದು ಬಹುಕಾಲದ ಸಂಪ್ರದಾಯ. ಹಿಂದೆ ಈ ಪ್ರಶ್ನೆಗೆ ಕೊಠಡಿ, ಗಡಿಯಾರ, ಪುಸ್ತಕದ ಬೀರು ಎಂಬ ಉತ್ತರಗಳಿದ್ದವು. ಇಂದು ಬಹುಮಟ್ಟಿಗೆ ಒಂದೇ ಉತ್ತರ : ಲ್ಯಾಪ್‌ಟಾಪ್. ಆದರೆ ಎಂಥ ಲ್ಯಾಪ್‌ಟಾಪ್ ಎಂಬ ವಿಚಾರವನ್ನು ಕೇಳುವವರೂ ಹೇಳುವವರೂ ಸಾಕಷ್ಟು ಮಾಡುವುದಿಲ್ಲ. ದೊಡ್ಡದಾಗಿ, ಹೊಳಪಾಗಿ, ಬೆಲೆಯುಳ್ಳದ್ದಾಗಿ ಇದ್ದರೆ ದಾನಕ್ಕೆ ಗೌರವವೆಂಬ ಭಾವನೆಯು ಸಹಜವಾದುದಾದರೂ, ಅಂಥ ಯಂತ್ರವು ನಾಲ್ಕು ವರ್ಷಗಳಲ್ಲಿ ಬೀರುವಿನ ಒಳಗೆ ಧೂಳುಂಡು ಕುಳಿತರೆ ಗೌರವವು ಯಾರಿಗೆ? ೨೦೨೫ರ ಅಕ್ಟೋಬರ್ ೧೪ರಂದು ಮೈಕ್ರೋಸಾಫ್ಟ್ ಸಂಸ್ಥೆಯು ತನ್ನ ವಿಂಡೋಸ್ ೧೦ ವ್ಯವಸ್ಥೆಗೆ ಸಾಮಾನ್ಯ ಬೆಂಬಲವನ್ನು ನಿಲ್ಲಿಸಿತು. ಅದರ ಮುಂದಿನದಾದ ವಿಂಡೋಸ್ ೧೧, ಸ್ಥೂಲವಾಗಿ ೨೦೧೭ಕ್ಕೆ ಹಿಂದಿನ ಯಂತ್ರಗಳನ್ನು ಅಧಿಕೃತವಾಗಿ ಅಂಗೀಕರಿಸುವುದಿಲ್ಲ. ಯಂತ್ರವು ಗಟ್ಟಿಯಾಗಿದ್ದರೂ ಅದರೊಳಗಣ ವ್ಯವಸ್ಥೆಗೆ ಕಾಪು ಇಲ್ಲದ ಸ್ಥಿತಿಯು ಅನೇಕ ಶಾಲೆಗಳಿಗೆ ಬಂದೊದಗಿದೆ. ಸಮಾಜದ ದಾಸೋಹದ ಹಣದಿಂದ ಬಂದ ವಸ್ತುವಿನ ಆಯುಸ್ಸನ್ನು ದೂರದ ಒಂದು ವ್ಯಾಪಾರೀ ಸಂಸ್ಥೆಯು ನಿರ್ಣಯಿಸಬೇಕೆ ಎಂಬುದು ನಮ್ಮ ಮುಂದಿರುವ ನಿಜವಾದ ಪ್ರಶ್ನೆ. ಅದಕ್ಕೆ ಉತ್ತರವಾಗಿ ಲಿನಕ್ಸ್ ಎಂಬ ಮುಕ್ತ ವ್ಯವಸ್ಥೆಯನ್ನೂ, ಅದಕ್ಕೆ ಒಗ್ಗುವ ಚಿಕ್ಕ ಹಗುರ ಯಂತ್ರವನ್ನೂ ಈ ಲೇಖನದಲ್ಲಿ ವಿಚಾರಿಸಲಾಗಿದೆ.

ಲಿನಕ್ಸ್ ಎಂದರೇನು?

ಗಣಕವೆಂಬುದು ಎರಡು ಅಂಗಗಳ ಸಂಯೋಗ. ಕಣ್ಣಿಗೆ ಕಾಣುವ ಯಂತ್ರಾಂಶವು ದೇಹವಾದರೆ, ಕಾಣದ ತಂತ್ರಾಂಶವು ಅದನ್ನು ನಡೆಸುವ ಚೈತನ್ಯ. ಆ ತಂತ್ರಾಂಶಗಳೊಳಗೆ ಮೊದಲನೆಯದು ಕಾರ್ಯಾಚರಣ ವ್ಯವಸ್ಥೆ. ನಾವು ಒತ್ತಿದ ಕೀಲಿಯನ್ನು ಗ್ರಹಿಸುವುದು, ಪರದೆಯ ಮೇಲೆ ಅಕ್ಷರ ಮೂಡಿಸುವುದು, ಕಡತವನ್ನು ಸಂಗ್ರಹಿಸುವುದು, ಇವೆಲ್ಲ ಅದರ ಮೂಲಕವೇ ನಡೆಯತಕ್ಕವು. ವ್ಯಾಕರಣವಿಲ್ಲದೆ ಪದಗಳು ವಾಕ್ಯವಾಗದಂತೆ, ಈ ವ್ಯವಸ್ಥೆಯಿಲ್ಲದೆ ಯಂತ್ರದ ಬಿಡಿಭಾಗಗಳು ಗಣಕವಾಗವು.

೧೯೮೩ರಲ್ಲಿ ಅಮೆರಿಕದ ರಿಚರ್ಡ್ ಸ್ಟಾಲ್ಮನ್ ಎಂಬವರು, ಯಾರು ಬೇಕಾದರೂ ಬಳಸಬಹುದಾದ, ಓದಿ ತಿಳಿಯಬಹುದಾದ, ತಿದ್ದಬಹುದಾದ, ಇತರರಿಗೆ ಹಂಚಬಹುದಾದ ವ್ಯವಸ್ಥೆಯೊಂದನ್ನು ನಿರ್ಮಿಸುವೆವೆಂದು ಸಾರಿ, ಅದಕ್ಕೆ ‘ಗ್ನೂ’ ಎಂದು ಹೆಸರಿಟ್ಟರು. ೧೯೯೧ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿ ವಿಶ್ವವಿದ್ಯಾಲಯದ ವಿದ್ಯಾರ್ಥಿ ಲೈನಸ್ ಟೋರ್ವಾಲ್ಡ್ಸ್ ಅಂಥ ವ್ಯವಸ್ಥೆಯ ಗರ್ಭದಲ್ಲಿರಬೇಕಾದ ತಿರುಳನ್ನು ಬರೆದು ಲೋಕಕ್ಕೆ ಬಿಟ್ಟರು. ಆ ತಿರುಳೇ ಲಿನಕ್ಸ್. ಇವೆರಡೂ ಕೂಡಿ, ಸಾವಿರಾರು ಜನರ ಪರಿಶ್ರಮವು ಬೆರೆತು, ಇಂದು ಡೆಬಿಯನ್, ಉಬುಂಟು, ಫೆಡೋರಾ, ಲಿನಕ್ಸ್ ಮಿಂಟ್ ಮೊದಲಾದ ಹೆಸರುಗಳಲ್ಲಿ ದೊರೆಯುತ್ತವೆ. ಇವುಗಳನ್ನು ‘ವಿತರಣೆ’ಗಳೆಂದು ಕರೆಯುವುದು ರೂಢಿ. ಬೆಲೆ ಕೊಡದೆ ಪಡೆಯಬಹುದೆಂಬುದು ಇವುಗಳ ಚಿಕ್ಕ ಗುಣ. ಪಡೆದುದನ್ನು ಹತ್ತು ಯಂತ್ರಗಳಿಗೆ ಹಾಕಿದರೂ ಅದು ಕಳವಾಗುವುದಿಲ್ಲವೆಂಬುದು ದೊಡ್ಡ ಗುಣ. ಪರವಾನಗಿಯಿಲ್ಲದೆ ನಕಲು ಮಾಡಿದ ತಂತ್ರಾಂಶವನ್ನು ಮುಂದಿಟ್ಟುಕೊಂಡು ಮಕ್ಕಳಿಗೆ ಸತ್ಯಶುದ್ಧ ಕಾಯಕದ ಪಾಠ ಹೇಳುವುದು ಶರಣಧರ್ಮದ ಶಾಲೆಗೆ ಒಪ್ಪುವ ನಡೆಯಲ್ಲ. ಒಬ್ಬರು ದುಡಿದುದನ್ನು ಎಲ್ಲರೂ ಉಣ್ಣುವ ಈ ಪದ್ಧತಿಗೆ ನಮ್ಮ ನಾಡಿನಲ್ಲಿ ದಾಸೋಹವೆಂಬ ಹೆಸರು ಮೊದಲಿನಿಂದಲೂ ಇದೆ.

ಇದು ಕೇವಲ ಆದರ್ಶದ ಮಾತಲ್ಲ. ನೆರೆಯ ಕೇರಳ ರಾಜ್ಯದಲ್ಲಿ ೨೦೦೧ರಲ್ಲಿ ಆರಂಭವಾಗಿ, ೨೦೧೭ರಿಂದ ‘ಕೈಟ್’ ಎಂಬ ಸಂಸ್ಥೆಯ ರೂಪದಲ್ಲಿ ಮುಂದುವರಿದಿರುವ ಯೋಜನೆಯು ಸರ್ಕಾರಿ ಮತ್ತು ಅನುದಾನಿತ ಶಾಲೆಗಳಲ್ಲಿ ಲಿನಕ್ಸ್ ವ್ಯವಸ್ಥೆಯನ್ನೇ ನೆಲೆಗೊಳಿಸಿದೆ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಅದರಲ್ಲಿಯೇ ಕಲಿಯುತ್ತಾರೆ. ಅವರಿಗಾಗಿ ಮಾಹಿತಿ ತಂತ್ರಜ್ಞಾನದ ಪಠ್ಯಪುಸ್ತಕಗಳು ಕನ್ನಡದಲ್ಲಿಯೂ ಮುದ್ರಿತವಾಗುತ್ತವೆ. ಗಡಿಯಾಚೆಯ ಕನ್ನಡ ಮಕ್ಕಳಿಗೆ ಸಾಧ್ಯವಾದುದು ವಿಜಯಪುರದ ಮಕ್ಕಳಿಗೆ ಅಸಾಧ್ಯವೆನ್ನಲು ಕಾರಣವಿಲ್ಲ.

ಲಘುವೇ ಏಕೆ?

ಛಂದಸ್ಸನ್ನು ಓದಿದವರಿಗೆ ಲಘುವು ಕೀಳೆಂಬ ಭ್ರಮೆಯಿರುವುದಿಲ್ಲ. ಒಂದು ಮಾತ್ರೆಯ ಲಘುವೂ ಎರಡು ಮಾತ್ರೆಯ ಗುರುವೂ ತಮ್ಮ ತಮ್ಮ ಸ್ಥಾನದಲ್ಲಿದ್ದರೆ ಮಾತ್ರ ಗಣವು ಸರಿಹೋಗುತ್ತದೆ. ಗುರುವಿರಬೇಕಾದ ಕಡೆ ಲಘುವು ಬಂದರೂ, ಲಘುವಿರಬೇಕಾದ ಕಡೆ ಗುರುವು ಬಂದರೂ ಛಂದೋಭಂಗವೇ. ಗಣಕದ ವಿಷಯವೂ ಹೀಗೆಯೇ. ಒಂದೇ ಕಡೆ ಸ್ಥಿರವಾಗಿ ಕುಳಿತು ನಡೆಯುವ ಕೆಲಸಕ್ಕೆ ಮೇಜಿನ ಮೇಲಿನ ದೊಡ್ಡ ಗಣಕವೇ ಯೋಗ್ಯ; ಅದು ಅಗ್ಗವೂ ಹೌದು, ದುರಸ್ತಿಗೆ ಸುಲಭವೂ ಹೌದು. ಲ್ಯಾಪ್‌ಟಾಪನ್ನು ಕೊಳ್ಳುವುದು ಹೊತ್ತುಕೊಂಡು ಹೋಗುವುದಕ್ಕಾಗಿ. ಹೊರಲಾರದ ಲ್ಯಾಪ್‌ಟಾಪನ್ನು ಕೊಳ್ಳುವುದು ಅದರ ಮೂಲ ಪ್ರಯೋಜನವನ್ನೇ ಮರೆತಂತೆ.

ನಮ್ಮ ಪ್ರದೇಶದ ಪರಿಸ್ಥಿತಿಯನ್ನು ನೋಡಬೇಕು. ತಿಕೋಟಾ ಮತ್ತು ಬಬಲೇಶ್ವರ ತಾಲೂಕುಗಳ ಹಳ್ಳಿಗಳಿಂದ ಮಕ್ಕಳು ಬಸ್ಸಿನಲ್ಲಿ ನಿಂತುಕೊಂಡೇ ವಿಜಯಪುರಕ್ಕೆ ಬರುವುದುಂಟು. ಶಿಕ್ಷಕರು ಒಂದು ಊರಿನ ಶಾಲೆಯಿಂದ ಮತ್ತೊಂದು ಊರಿನ ತರಬೇತಿಗೆ ಹೋಗುವುದುಂಟು. ೨೦೧೯ರಲ್ಲಿ ಕರ್ನಾಟಕ ಸರ್ಕಾರವು ಶಾಲಾಚೀಲದ ಭಾರವನ್ನು ಕುರಿತು ಆದೇಶವನ್ನು ಹೊರಡಿಸಿ, ೯ ಮತ್ತು ೧೦ನೆಯ ತರಗತಿಯ ಮಕ್ಕಳ ಚೀಲವು ೪ರಿಂದ ೫ ಕಿಲೋಗ್ರಾಮ್ ಮೀರಬಾರದೆಂದು ವಿಧಿಸಿತು. ಹದಿನೈದೂವರೆ ಅಂಗುಲದ ಪರದೆಯುಳ್ಳ ಸಾಮಾನ್ಯ ಲ್ಯಾಪ್‌ಟಾಪು ಎರಡು ಕಿಲೋದ ಆಸುಪಾಸಿನಲ್ಲಿ ತೂಗುತ್ತದೆ. ಅದರ ಚಾರ್ಜರು ಬೇರೆ. ಪುಸ್ತಕಕ್ಕೆ ಉಳಿದ ಸ್ಥಳವೆಷ್ಟು? ಅದೇ ಹನ್ನೆರಡು, ಹದಿಮೂರು ಅಂಗುಲದ ಯಂತ್ರವಾದರೆ ಒಂದು ಕಿಲೋದಿಂದ ಒಂದೂಕಾಲು ಕಿಲೋದ ಆಸುಪಾಸಿನಲ್ಲಿ ನಿಲ್ಲುತ್ತದೆ.

ಇನ್ನೊಂದು ಕಾರ್ಯವೂ ನಮ್ಮ ಮುಂದಿದೆ. ಈ ಸೀಮೆಯ ಮಠಗಳಲ್ಲಿಯೂ ಮನೆತನಗಳಲ್ಲಿಯೂ ತಾಡಪತ್ರಗಳೂ ಕಾಗದದ ಕೈಬರಹಗಳೂ ಇನ್ನೂ ಉಳಿದಿವೆ. ಅವುಗಳನ್ನು ಮನೆಯಿಂದ ಹೊರಗೆ ಕೊಡಲು ಮನೆಯವರು ಹಿಂಜರಿಯುವುದು ನ್ಯಾಯವೇ. ಆದುದರಿಂದ ಸಾಧನವೇ ಅವುಗಳಿದ್ದಲ್ಲಿಗೆ ಹೋಗಬೇಕು. ಜಗಲಿಯ ಮೇಲೆ ಕುಳಿತು, ಪಟಗಳನ್ನು ತೆಗೆದು, ಅಲ್ಲಿಯೇ ಹೆಸರಿಟ್ಟು, ಪಾಠವನ್ನು ಅಲ್ಲಿಯೇ ಬರೆದುಕೊಳ್ಳಲು ಹಗುರವಾದ ಯಂತ್ರವೇ ಬೇಕು. ತಿಕೋಟಾ ಸೀಮೆಯ ಬಿಜ್ಜರಗಿಯಲ್ಲಿ ಜನಿಸಿ ೨೦೨೩ರ ಜನವರಿ ೨ರಂದು ಲಿಂಗೈಕ್ಯರಾದ ಪೂಜ್ಯ ಶ್ರೀ ಸಿದ್ಧೇಶ್ವರ ಸ್ವಾಮಿಗಳವರು ಜೇಬಿಲ್ಲದ ಅಂಗಿಯನ್ನು ತೊಟ್ಟು ನಾಡೆಲ್ಲ ಸಂಚರಿಸಿ ಜ್ಞಾನವನ್ನು ಹಂಚಿದರು. ಕಡಮೆ ಹೊರೆಯಲ್ಲಿ ಹೆಚ್ಚು ಸಂಚರಿಸುವುದು ನಮ್ಮ ನಾಡಿಗೆ ಹೊಸ ಪಾಠವಲ್ಲ.

ಲಘುತ್ವದ ಮಿತಿ

ಆದರೆ ಎಲ್ಲದಕ್ಕೂ ಮಿತಿಯುಂಟು. ಇದನ್ನು ಎರಡು ದೃಷ್ಟಾಂತಗಳಿಂದ ತಿಳಿಯಬಹುದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಕೆಲವು ಪ್ರಾಧ್ಯಾಪಕರೂ ಎನ್‌ಕೋರ್ ಎಂಬ ಸಂಸ್ಥೆಯವರೂ ಕೂಡಿ, ಅಂಗೈಯಲ್ಲಿ ಹಿಡಿಯಬಹುದಾದ, ಲಿನಕ್ಸ್‌ನಿಂದ ನಡೆಯುವ, ಭಾರತೀಯ ಭಾಷೆಗಳನ್ನು ಉಚ್ಚರಿಸಬಲ್ಲ ಗಣಕವೊಂದನ್ನು ರೂಪಿಸಿದರು. ಅದರ ಹೆಸರು ಸಿಂಪ್ಯೂಟರ್. ಅಕ್ಷರ ಬಾರದ ರೈತನೂ ಬಳಸಬೇಕೆಂಬ ಉದಾತ್ತ ಸಂಕಲ್ಪ ಅದರ ಹಿಂದಿತ್ತು. ೨೦೦೪ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆಯ ಸಹಯೋಗದಿಂದ ‘ಅಮಿಡಾ’ ಎಂಬ ಹೆಸರಿನಲ್ಲಿ ಅದು ಮಾರುಕಟ್ಟೆಗೆ ಬಂದಿತು. ಜನರು ಮೆಚ್ಚಿದರು, ಆದರೆ ಕೊಂಡವರು ವಿರಳ. ಬಳಸುವವರು ವಿರಳವಾದ ಯಂತ್ರಕ್ಕೆ ಬಿಡಿಭಾಗವೂ ವಿರಳ, ದುರಸ್ತಿ ಮಾಡಬಲ್ಲವರೂ ವಿರಳ, ಹೊಸ ತಂತ್ರಾಂಶವೂ ವಿರಳ. ಕಲ್ಪನೆಯು ಎಷ್ಟೇ ಉತ್ತಮವಾಗಿರಲಿ, ಶಾಲೆಯು ಕೊಳ್ಳಬೇಕಾದುದು ಬಹುಜನರು ಬಳಸುವ ಯಂತ್ರವನ್ನು ಎಂಬುದು ಇಲ್ಲಿಯ ನೀತಿ.

ಎರಡನೆಯ ದೃಷ್ಟಾಂತವು ೨೦೦೭ರದು. ತೈವಾನಿನ ಅಸುಸ್ ಸಂಸ್ಥೆಯು ಏಳು ಅಂಗುಲದ ಪರದೆಯುಳ್ಳ, ಒಂದು ಕಿಲೋಗ್ರಾಮಿಗೂ ಕಡಮೆ ತೂಕದ ‘ಈ ಪಿ.ಸಿ.’ ಎಂಬ ಯಂತ್ರವನ್ನು ಲಿನಕ್ಸ್ ಸಹಿತವಾಗಿಯೇ ಮಾರಿತು. ‘ನೆಟ್‌ಬುಕ್’ ಎಂಬ ಜಾತಿಯೇ ಅದರಿಂದ ಬೆಳೆಯಿತು. ಅದರಲ್ಲಿದ್ದ ಸಂಗ್ರಹವು ನಾಲ್ಕು ಜಿ.ಬಿ. ಮಾತ್ರ. ಕೀಲಿಗಳು ಬಹಳ ಚಿಕ್ಕವಾಗಿದ್ದು ವಯಸ್ಕರ ಬೆರಳುಗಳು ಒಂದರ ಮೇಲೊಂದು ಬೀಳುತ್ತಿದ್ದವು. ಕೆಲವೇ ವರ್ಷಗಳಲ್ಲಿ ಆ ಜಾತಿಯು ಹಿಂದೆ ಸರಿಯಿತು. ಓದಲಾಗದಷ್ಟು ಚಿಕ್ಕ ಪರದೆಯೂ ಬರೆಯಲಾಗದಷ್ಟು ಚಿಕ್ಕ ಕೀಲಿಮಣೆಯೂ ಲಾಘವವಲ್ಲ, ಲೋಪ. ಹನ್ನೆರಡರಿಂದ ಹದಿನಾಲ್ಕು ಅಂಗುಲದ ಪರದೆ, ಒಂದರಿಂದ ಒಂದೂವರೆ ಕಿಲೋದೊಳಗಿನ ತೂಕ, ಇವು ನಮಗೆ ಮಧ್ಯಮ ಮಾರ್ಗ.

ಪರೀಕ್ಷಿಸಬೇಕಾದ ಅಂಗಗಳು

ಎತ್ತನ್ನು ಕೊಳ್ಳುವವನು ಹಲ್ಲು, ಗೊರಸು, ಹೆಗಲು, ಸುಳಿಗಳನ್ನು ನೋಡುವಂತೆ ಲ್ಯಾಪ್‌ಟಾಪಿನಲ್ಲಿಯೂ ನೋಡಬೇಕಾದ ಅಂಗಗಳಿವೆ. ಅವನ್ನು ಕ್ರಮವಾಗಿ ಹೇಳುತ್ತೇನೆ.

ಮೊದಲನೆಯದು ಸಂಸ್ಕಾರಕ, ಅರ್ಥಾತ್ ಪ್ರೊಸೆಸರ್. ಇಂಟೆಲ್ ಅಥವಾ ಎ.ಎಂ.ಡಿ. ಸಂಸ್ಥೆಗಳ ೬೪ ಬಿಟ್ಟಿನದು ಇರಬೇಕು. ಹಳೆಯ ನೆಟ್‌ಬುಕ್ಕುಗಳಲ್ಲಿದ್ದ ೩೨ ಬಿಟ್ಟಿನ ಸಂಸ್ಕಾರಕಗಳನ್ನು ಈಗ ದಾನವಾಗಿಯೂ ಸ್ವೀಕರಿಸಬಾರದು. ಏಕೆಂದರೆ ೨೦೨೫ರ ಆಗಸ್ಟಿನಲ್ಲಿ ಹೊರಬಂದ ಡೆಬಿಯನ್ ೧೩ನೆಯ ಆವೃತ್ತಿಯು ಅಂಥ ಯಂತ್ರಗಳಿಗೆ ಸ್ಥಾಪನೆಯ ಸೌಕರ್ಯವನ್ನು ಕೈಬಿಟ್ಟಿದೆ. ಮೊಬೈಲ್ ಫೋನುಗಳಲ್ಲಿರುವ ಜಾತಿಯ ಸಂಸ್ಕಾರಕವುಳ್ಳ ಹೊಸ ತೆಳು ಲ್ಯಾಪ್‌ಟಾಪುಗಳು ನೋಟಕ್ಕೆ ಆಕರ್ಷಕವಾದರೂ ಲಿನಕ್ಸ್ ಅವುಗಳಲ್ಲಿ ಇನ್ನೂ ಪೂರ್ಣವಾಗಿ ನೆಲೆಗೊಂಡಿಲ್ಲ.

ಎರಡನೆಯದು ಕೆಲಸದ ಸ್ಮೃತಿ, ಅಂದರೆ ರ‍್ಯಾಮ್. ಇದು ಬರೆಯುವವನ ಮುಂದಿರುವ ಮೇಜಿನಂತೆ. ಮೇಜು ಚಿಕ್ಕದಾದರೆ ಪುಸ್ತಕಗಳನ್ನು ಮತ್ತೆ ಮತ್ತೆ ಕಪಾಟಿನಲ್ಲಿಟ್ಟು ತೆಗೆಯಬೇಕಾಗುತ್ತದೆ. ಕನಿಷ್ಠ ೮ ಜಿ.ಬಿ. ಇರಲಿ, ೧೬ ಆದರೆ ನಿಶ್ಚಿಂತೆ. ‘ಎಕ್ಸ್‌ಎಫ್‌ಸಿಇ’ ಎಂಬ ಮಿತವ್ಯಯದ ಮೇಜು-ವ್ಯವಸ್ಥೆಯುಳ್ಳ ಲಿನಕ್ಸ್ ತಾನು ಸುಮಾರು ಒಂದು ಜಿ.ಬಿ.ಯಷ್ಟರಲ್ಲಿಯೇ ನೆಲೆಸಿ ಉಳಿದುದನ್ನು ನಮ್ಮ ಕೆಲಸಕ್ಕೆ ಬಿಡುತ್ತದೆ. ರ‍್ಯಾಮನ್ನು ಮುಂದೆ ಬದಲಿಸಲು ಬರುವುದೋ, ಫಲಕಕ್ಕೆ ಬೆಸುಗೆ ಹಾಕಲಾಗಿದೆಯೋ ಎಂದು ಕೇಳಿ ತಿಳಿಯಬೇಕು. ಬೆಸುಗೆ ಹಾಕಿದ್ದಾದರೆ ಮೊದಲೇ ಸಾಕಷ್ಟು ಇರುವುದನ್ನು ಕೊಳ್ಳಬೇಕು.

ಮೂರನೆಯದು ಸಂಗ್ರಹ. ತಿರುಗುವ ತಟ್ಟೆಯುಳ್ಳ ಹಳೆಯ ಹಾರ್ಡ್ ಡಿಸ್ಕು ಬಸ್ಸಿನ ಕುಲುಕಾಟಕ್ಕೆ ಹೇಳಿದ್ದಲ್ಲ. ಚಲಿಸುವ ಭಾಗವೇ ಇಲ್ಲದ ಎಸ್.ಎಸ್.ಡಿ. ೨೫೬ ಜಿ.ಬಿ. ಇದ್ದರೆ ಶಾಲೆಯ ಕೆಲಸಕ್ಕೆ ಸಾಕು. ಅತಿ ಅಗ್ಗದ ಯಂತ್ರಗಳಲ್ಲಿ ೩೨ ಅಥವಾ ೬೪ ಜಿ.ಬಿ. ಸಂಗ್ರಹವನ್ನು ಫಲಕಕ್ಕೇ ಅಂಟಿಸಿರುತ್ತಾರೆ. ಅದು ನಿಧಾನವೂ ಹೌದು, ಹಾಳಾದರೆ ಬದಲಿಸಲಾಗದ್ದೂ ಹೌದು.

ನಾಲ್ಕನೆಯದು ಚಾಲಕಗಳ ವಿಚಾರ. ಲಿನಕ್ಸ್ ಬಳಸುವವನಿಗೆ ಇದು ಮುಖ್ಯವಾದುದು. ಯಂತ್ರದ ಪ್ರತಿಯೊಂದು ಭಾಗವನ್ನೂ ನಡೆಸಲು ಒಂದು ಚಾಲಕ ತಂತ್ರಾಂಶ ಬೇಕು. ಅದನ್ನು ತಯಾರಕನು ಲಿನಕ್ಸ್‌ಗಾಗಿ ಕೊಟ್ಟಿದ್ದರೆ ಅಥವಾ ಸ್ವಯಂಸೇವಕರು ಬರೆದಿದ್ದರೆ ಮಾತ್ರ ಆ ಭಾಗವು ನಡೆಯುತ್ತದೆ. ನಿಸ್ತಂತು ಜಾಲದ ಚಿಪ್ಪು ಇಂಟೆಲ್ ಸಂಸ್ಥೆಯದಾದರೆ ಸಾಮಾನ್ಯವಾಗಿ ತೊಡಕಿಲ್ಲ. ಬ್ರಾಡ್‌ಕಾಮ್ ಸಂಸ್ಥೆಯ ಕೆಲವಕ್ಕೆ ಬೇರೆಯಾಗಿ ವ್ಯವಸ್ಥೆ ಮಾಡಬೇಕಾಗುತ್ತದೆ. ಚಿತ್ರ ಮೂಡಿಸುವ ಕಾರ್ಯಕ್ಕೆ ಸಂಸ್ಕಾರಕದೊಳಗೇ ಇರುವ ಇಂಟೆಲ್ ಅಥವಾ ಎ.ಎಂ.ಡಿ. ಭಾಗವೇ ಸಾಕು, ಆಟಗಳಿಗಾಗಿ ಬೇರೆ ಚಿತ್ರಫಲಕವನ್ನು ಸೇರಿಸಿದ ಯಂತ್ರವು ಭಾರ, ಬಿಸಿ, ಬೆಲೆ ಮೂರನ್ನೂ ಏರಿಸುತ್ತದೆ. ಬೆರಳಚ್ಚು ಗುರುತಿಸುವ ಸಾಧನಗಳೂ, ಇತ್ತೀಚಿನ ಕೆಲವು ತೆಳು ಯಂತ್ರಗಳ ಕ್ಯಾಮರಾಗಳೂ ಲಿನಕ್ಸ್‌ನಲ್ಲಿ ನಡೆಯದಿರುವ ಸಂಭವವುಂಟು.

ಐದನೆಯದು ಬ್ಯಾಟರಿ. ಅದರ ಸಾಮರ್ಥ್ಯವನ್ನು ವ್ಯಾಟ್-ಅವರ್ ಎಂಬ ಮಾನದಿಂದ ಅಳೆಯುತ್ತಾರೆ. ಲೆಕ್ಕವು ಸರಳವಾಗಿದೆ. ಬರವಣಿಗೆಯ ಕೆಲಸದಲ್ಲಿ ಯಂತ್ರವು ೬ ವ್ಯಾಟ್ ಉಣ್ಣುವುದಾದರೆ ೪೨ ವ್ಯಾಟ್-ಅವರ್ ಬ್ಯಾಟರಿಯು ೭ ಗಂಟೆ ಬಾಳುತ್ತದೆ. ವಿದ್ಯುತ್ತು ಹೋಗಿ ಬರುವ ಹಳ್ಳಿಯ ಶಾಲೆಗೆ ಇದೇ ದೊಡ್ಡ ಅನುಕೂಲ. ಮೇಜಿನ ಗಣಕಕ್ಕೆ ಬೇಕಾದ ಬೇರೆ ಯು.ಪಿ.ಎಸ್. ಇದಕ್ಕೆ ಬೇಡ. ಹೊಸ ಮಾದರಿಯ ಯು.ಎಸ್.ಬಿ.-ಸಿ ರಂಧ್ರದ ಮೂಲಕ ಚಾರ್ಜ್ ಆಗುವುದಾದರೆ ಒಂದೇ ಚಾರ್ಜರು ಹಲವು ಯಂತ್ರಗಳಿಗೆ ನಡೆಯುತ್ತದೆ. ವೈಶಾಖದಲ್ಲಿ ಉಷ್ಣಮಾನವು ೪೦ ಡಿಗ್ರಿ ದಾಟುವ ನಮ್ಮ ಜಿಲ್ಲೆಯಲ್ಲಿ ಬ್ಯಾಟರಿಯು ಬೇಗ ಮುಪ್ಪಾಗುತ್ತದೆ. ಆದುದರಿಂದ ಯಂತ್ರವನ್ನು ಬಿಸಿಲಿನಲ್ಲಿ ನಿಂತ ವಾಹನದೊಳಗೆ ಬಿಡಬಾರದು. ಸೌಲಭ್ಯವಿದ್ದಲ್ಲಿ ಚಾರ್ಜನ್ನು ಶೇಕಡಾ ೮೦ಕ್ಕೆ ನಿಲ್ಲಿಸುವಂತೆ ನಿಯಮಿಸಬೇಕು. ಥಿಂಕ್‌ಪ್ಯಾಡ್ ಮೊದಲಾದ ಯಂತ್ರಗಳಲ್ಲಿ ಲಿನಕ್ಸ್ ಇದನ್ನು ಮಾಡಬಲ್ಲದು. ನಮ್ಮ ಎರೆಮಣ್ಣಿನ ಸಣ್ಣ ಧೂಳು ಒಳಗಿನ ಪಂಖದಲ್ಲಿ ಕೂಡುವುದರಿಂದ ವರ್ಷಕ್ಕೊಮ್ಮೆಯಾದರೂ ಬಿಚ್ಚಿಸಿ ಶುಚಿಗೊಳಿಸಬೇಕು.

ಹೊಸದೋ, ಬಳಸಿದ್ದೋ?

ಹೊಸ ಯಂತ್ರವನ್ನು ಕೊಳ್ಳುವವರು, ವಿಂಡೋಸ್ ಇಲ್ಲದೆ ಅಥವಾ ಲಿನಕ್ಸ್ ಸಹಿತವಾಗಿ ಮಾರುವ ಮಾದರಿಗಳಿವೆಯೇ ಎಂದು ಮೊದಲು ವಿಚಾರಿಸಬೇಕು. ಡೆಲ್ ಸಂಸ್ಥೆಯು ೨೦೧೨ರಿಂದಲೂ ಲೆನೊವೊ ಸಂಸ್ಥೆಯು ೨೦೨೦ರಿಂದಲೂ ತಮ್ಮ ಕೆಲವು ಉತ್ತಮ ಮಾದರಿಗಳನ್ನು ಲಿನಕ್ಸ್ ಸಹಿತ ಕೊಡುತ್ತ ಬಂದಿವೆ. ತಯಾರಕನೇ ಲಿನಕ್ಸನ್ನು ಒಪ್ಪಿರುವ ಮಾದರಿಯಲ್ಲಿ ಚಾಲಕಗಳ ಚಿಂತೆ ಕಡಮೆ.

ಆದರೆ ಶಾಲೆಗೆ ನಾನು ಹೆಚ್ಚು ಒತ್ತಿ ಹೇಳುವುದು ಬಳಸಿದ ಯಂತ್ರಗಳನ್ನು. ದೊಡ್ಡ ಕಂಪನಿಗಳು ತಮ್ಮ ನೌಕರರಿಗಾಗಿ ಕೊಂಡ ಗಟ್ಟಿಮುಟ್ಟಾದ ಚಿಕ್ಕ ಲ್ಯಾಪ್‌ಟಾಪುಗಳನ್ನು ಕೆಲವು ವರ್ಷಗಳ ಮೇಲೆ ಒಟ್ಟಾಗಿ ಮಾರಿಬಿಡುತ್ತವೆ. ಲೆನೊವೊದ ಥಿಂಕ್‌ಪ್ಯಾಡ್ ಎಕ್ಸ್ ೨೬೦, ಎಕ್ಸ್ ೨೭೦, ಎಚ್.ಪಿ.ಯ ಎಲೀಟ್‌ಬುಕ್ ೮೨೦, ಡೆಲ್‌ನ ಲ್ಯಾಟಿಟ್ಯೂಡ್ ೭೨೮೦ ಇವೆಲ್ಲ ಹನ್ನೆರಡೂವರೆ ಅಂಗುಲದ ಈ ಜಾತಿಯವು. ಎಕ್ಸ್ ೨೭೦ರಲ್ಲಿ ರ‍್ಯಾಮನ್ನು ಬದಲಿಸಬಹುದು; ಹಿಂದಿನ ಬ್ಯಾಟರಿಯನ್ನು ಉಪಕರಣವಿಲ್ಲದೆ ಕಳಚಬಹುದು. ಅದರ ಮುಂದಿನ ಎಕ್ಸ್ ೨೮೦ ಇನ್ನಷ್ಟು ಹಗುರವಾದರೂ ರ‍್ಯಾಮ್ ಬೆಸುಗೆಯದು. ನೂರಿನ್ನೂರು ಗ್ರಾಮ್ ಭಾರವನ್ನು ಉಳಿಸಲು ದುರಸ್ತಿಯ ಸೌಲಭ್ಯವನ್ನು ಬಿಟ್ಟುಕೊಡುವುದು ಶಾಲೆಗೆ ಲಾಭವಲ್ಲ. ವಿಂಡೋಸ್ ೧೧ ಒಪ್ಪದ ಕಾರಣದಿಂದ ಇಂಥ ಯಂತ್ರಗಳ ಬೆಲೆಯು ಇಳಿದಿದೆ. ಲೋಕವು ಹಳತೆಂದು ಬಿಟ್ಟದ್ದು ಲಿನಕ್ಸ್ ಬಳಸುವವನಿಗೆ ವರವಾಗಿದೆ.

ಬಳಸಿದ್ದನ್ನು ಕೊಳ್ಳುವಾಗ ಎಚ್ಚರಿಕೆಯೂ ಇರಬೇಕು. ಹಿಂದಿನ ಒಡೆಯನ ರಹಸ್ಯಪದದಿಂದ ಯಂತ್ರದ ಮೂಲವ್ಯವಸ್ಥೆಯು ಬೀಗಗೊಂಡಿದೆಯೇ, ಪರದೆಯಲ್ಲಿ ಕಲೆಗಳಿವೆಯೇ, ಕೀಲುಗಳು ಸಡಿಲಗೊಂಡಿವೆಯೇ, ಎಲ್ಲ ಕೀಲಿಗಳೂ ಮೂಡುತ್ತವೆಯೇ ಎಂದು ನೋಡಬೇಕು. ಬ್ಯಾಟರಿಯ ಮೂಲ ಸಾಮರ್ಥ್ಯವನ್ನೂ ಇಂದಿನ ಸಾಮರ್ಥ್ಯವನ್ನೂ ಲಿನಕ್ಸೇ ತೋರಿಸುತ್ತದೆ. ಅರ್ಧಕ್ಕೆ ಇಳಿದಿದ್ದರೆ ಹೊಸ ಬ್ಯಾಟರಿಯ ಬೆಲೆಯನ್ನು ಕೂಡಿಸಿಯೇ ಲೆಕ್ಕ ಹಾಕಬೇಕು. ರಸೀದಿಯಿಲ್ಲದ ಯಂತ್ರವನ್ನು ಎಷ್ಟು ಅಗ್ಗಕ್ಕೆ ಕೊಟ್ಟರೂ ಶಾಲೆಯ ಹೊಸ್ತಿಲನ್ನು ದಾಟಿಸಬಾರದು.

ಕೊಳ್ಳುವ ಮುನ್ನ ಪರೀಕ್ಷೆ

ಲಿನಕ್ಸ್‌ನಲ್ಲಿರುವ ಒಂದು ವಿಶೇಷ ಸೌಕರ್ಯವನ್ನು ಬಹಳ ಜನರು ಅರಿಯರು. ಅದನ್ನು ಯಂತ್ರದಲ್ಲಿ ಸ್ಥಾಪಿಸದೆಯೇ, ೮ ಜಿ.ಬಿ.ಯ ಒಂದು ಪೆನ್ ಡ್ರೈವಿನಿಂದ ನೇರವಾಗಿ ನಡೆಸಿ ನೋಡಬಹುದು. ಅಂಗಡಿಯವರ ಒಪ್ಪಿಗೆ ಪಡೆದು, ಪೆನ್ ಡ್ರೈವನ್ನು ಚುಚ್ಚಿ, ಯಂತ್ರವನ್ನು ಅದರಿಂದ ಆರಂಭಿಸಿ, ಹತ್ತು ನಿಮಿಷಗಳಲ್ಲಿ ಪರೀಕ್ಷೆಯನ್ನು ಮುಗಿಸಬಹುದು. ಒಳಗಿರುವ ಯಾವ ಕಡತಕ್ಕೂ ಇದರಿಂದ ಬಾಧೆಯಿಲ್ಲ. ನಿಸ್ತಂತು ಜಾಲವು ಕೂಡಿತೇ, ಧ್ವನಿಯು ಕೇಳಿಸಿತೇ, ಕ್ಯಾಮರಾ ತೆರೆಯಿತೇ, ಪರದೆಯ ಬೆಳಕು ಏರಿಳಿಯಿತೇ, ಪ್ರೊಜೆಕ್ಟರಿಗೆ ಚಿತ್ರವು ಹೋಯಿತೇ, ಮುಚ್ಚಳವನ್ನು ಮುಚ್ಚಿ ತೆರೆದಾಗ ಯಂತ್ರವು ಎಚ್ಚೆತ್ತಿತೇ, ಈ ಆರನ್ನು ನೋಡಿದರೆ ಸಾಕು. ಬೇರೆಯವರ ಹೊಗಳಿಕೆಗಿಂತ ಈ ಪ್ರತ್ಯಕ್ಷ ಪ್ರಮಾಣವು ಬಲವಾದುದು.

ಕನ್ನಡದ ಪರೀಕ್ಷೆ

ಇನ್ನು ನನ್ನ ಸ್ವಂತ ಕ್ಷೇತ್ರದ ಮಾತು. ಲಿನಕ್ಸ್ ಹುಟ್ಟಿದ ೧೯೯೧ರಲ್ಲಿಯೇ ಜಗತ್ತಿನ ಲಿಪಿಗಳಿಗೆಲ್ಲ ಸಂಖ್ಯೆಗಳನ್ನು ನಿಯಮಿಸುವ ಯೂನಿಕೋಡ್‌ನ ಮೊದಲ ಆವೃತ್ತಿಯೂ ಹೊರಬಂದಿತು. ಅದರಲ್ಲಿ ಕನ್ನಡಕ್ಕೆ ೧೨೮ ಸ್ಥಾನಗಳ ಒಂದು ಓಣಿಯನ್ನು ಮೀಸಲಿಟ್ಟರು. ಅದಕ್ಕೆ ಮೊದಲೂ, ಅನಂತರವೂ ಬಹುಕಾಲ, ಕನ್ನಡದ ಬರಹವನ್ನು ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ಆಕೃತಿಗಳನ್ನು ಕೂರಿಸಿ ನಡೆಸುತ್ತಿದ್ದರು. ಅಂಥ ಕಡತವನ್ನು ಆಯಾ ಅಕ್ಷರಮುಖವಿಲ್ಲದ ಯಂತ್ರದಲ್ಲಿ ತೆರೆದರೆ ಅರ್ಥವಿಲ್ಲದ ಆಂಗ್ಲ ಚಿಹ್ನೆಗಳೇ ಕಾಣುತ್ತವೆ. ಶಾಲೆಗಳ ಎಷ್ಟೋ ಹಳೆಯ ಸಂಚಿಕೆಗಳೂ ದಾಖಲೆಗಳೂ ಈ ಅವಸ್ಥೆಯಲ್ಲಿವೆ. ಅವನ್ನು ಯೂನಿಕೋಡಿಗೆ ಪರಿವರ್ತಿಸಿ ಇಡುವುದು ಹೊಸ ಯಂತ್ರಗಳ ಮೊದಲ ಕಾಯಕವಾಗಬೇಕು.

ಲಿನಕ್ಸ್‌ನಲ್ಲಿ ಕನ್ನಡಕ್ಕೆ ಕೊರತೆಯಿಲ್ಲ. ಕನ್ನಡ ಗಣಕ ಪರಿಷತ್ತಿನ ಕೀಲಿಮಣೆ ವಿನ್ಯಾಸವೇ ‘ಐಬಸ್’ ಎಂಬ ಸಾಧನದ ಮೂಲಕ ಅದರಲ್ಲಿ ದೊರೆಯುತ್ತದೆ. ನುಡಿಯಲ್ಲಿ ಬೆರಳು ಪಳಗಿದವರು ಹೊಸದಾಗಿ ಕಲಿಯಬೇಕಾದುದು ಏನೂ ಇಲ್ಲ. ಲೋಹಿತ್, ನೋಟೋ, ಗುಬ್ಬಿ, ನವಿಲು ಮೊದಲಾದ ಮುಕ್ತ ಅಕ್ಷರಮುಖಗಳಿವೆ. ಬರವಣಿಗೆಗೆ ಲಿಬ್ರೆ ಆಫೀಸ್ ಇದೆ. ಮುದ್ರಿತ ಕನ್ನಡ ಪುಟದ ಪಟವನ್ನು ಅಕ್ಷರಗಳಾಗಿ ಪರಿವರ್ತಿಸುವ ಟೆಸೆರಾಕ್ಟ್ ಇದೆ. ಆದರೆ ಅದು ಕೊಟ್ಟದ್ದನ್ನು ಕರಡು ತಿದ್ದುವ ಕಣ್ಣು ನೋಡಲೇಬೇಕು, ತಾಡಪತ್ರವನ್ನಂತೂ ಮನುಷ್ಯನೇ ಓದಬೇಕು.

ಯಂತ್ರವನ್ನು ಸ್ವೀಕರಿಸುವ ಮುನ್ನ ಕೆಲವು ಪದಗಳನ್ನು ಬರೆದು ನೋಡಬೇಕು :  ಜ್ಞಾನ, ಶ್ರೀ, ಕ್ಷೇತ್ರ, ರಾಷ್ಟ್ರ, ಸ್ತ್ರೀ, ಅರ್ಕ. ಒತ್ತಕ್ಷರವೂ ಅರ್ಕಾವೊತ್ತೂ ಸ್ವಸ್ಥಾನದಲ್ಲಿ ಮೂಡಬೇಕು. ಹಳಗನ್ನಡದ ಕೆಲಸಕ್ಕೆ ಱ ಮತ್ತು ೞ ಇವೆರಡೂ ಮೂಡಬೇಕು. ಇಲ್ಲಿ ಒಂದು ಕುತೂಹಲದ ಸಂಗತಿಯುಂಟು. ಯೂನಿಕೋಡಿನ ಪಟ್ಟಿಯಲ್ಲಿ ೞಕಾರಕ್ಕೆ ‘ಫ’ ಎಂಬ ತಪ್ಪು ಹೆಸರು ಬಿದ್ದಿತು. ಒಮ್ಮೆ ಇಟ್ಟ ಹೆಸರನ್ನು ಬದಲಿಸಬಾರದೆಂಬುದು ಅಲ್ಲಿಯ ನಿಯಮವಾದುದರಿಂದ, ಸರಿಯಾದ ಹೆಸರನ್ನು ಪರ್ಯಾಯವಾಗಿ ಸೇರಿಸಿದರು. ಹಳೆಯ ಬರಹಗಳಲ್ಲಿ ಬರುವ ನಕಾರ ಪೊಲ್ಲಿಗೆ ೨೦೨೧ರಲ್ಲಿ ಸ್ಥಾನ ದೊರೆಯಿತು. ಪಂಡಿತರು ಗಣಕದಿಂದ ದೂರವುಳಿದರೆ ಇಂಥ ತಪ್ಪುಗಳು ಹುಟ್ಟುತ್ತವೆ, ಹತ್ತಿರ ಬಂದರೆ ಇಂಥ ಕೊರತೆಗಳು ತುಂಬುತ್ತವೆ.

ಆಕ್ಷೇಪಗಳು ಮತ್ತು ಸಮಾಧಾನ

“ಹೊರಗೆ ಎಲ್ಲ ಕಡೆ ವಿಂಡೋಸ್ ಇರುವಾಗ ಮಕ್ಕಳಿಗೆ ಲಿನಕ್ಸ್ ಕಲಿಸಿದರೆ ಉದ್ಯೋಗಕ್ಕೆ ತೊಡಕಾಗದೇ?” ಎಂಬುದು ಮೊದಲ ಆಕ್ಷೇಪ. ಬರೆಯುವುದು, ಲೆಕ್ಕಪಟ್ಟಿ ಮಾಡುವುದು, ಜಾಲದಲ್ಲಿ ಹುಡುಕುವುದು ಎರಡರಲ್ಲಿಯೂ ಒಂದೇ ಬಗೆಯವು. ಒಂದು ಸೈಕಲ್ಲನ್ನು ಕಲಿತವನು ಮತ್ತೊಂದನ್ನೂ ಏರಬಲ್ಲನು. ಅದಲ್ಲದೆ ಜಗತ್ತಿನ ಮಹಾಗಣಕಗಳೂ ಅಂತರಜಾಲದ ಬಹುಪಾಲು ಸೇವಾಗಣಕಗಳೂ ಲಿನಕ್ಸ್‌ನಿಂದಲೇ ನಡೆಯುತ್ತವೆ. ಆಂಡ್ರಾಯ್ಡ್ ಫೋನುಗಳ ತಿರುಳೂ ಅದೇ.

“ಕಚೇರಿಯ ಕೆಲಸ ನಡೆಯುವುದೇ?” ಎಂಬುದು ಎರಡನೆಯದು. ಜಾಲದ ಮೂಲಕ ತುಂಬುವ ನಮೂನೆಗಳು ಬಹುಮಟ್ಟಿಗೆ ಫೈರ್‌ಫಾಕ್ಸ್ ಮೊದಲಾದವುಗಳಲ್ಲಿ ನಡೆಯುತ್ತವೆ. ಡಿಜಿಟಲ್ ಸಹಿಯ ಸಾಧನ ಬೇಡುವ ಕೆಲವು ಕಾರ್ಯಗಳಿಗೂ, ಪೇಜ್‌ಮೇಕರ್‌ನಲ್ಲಿ ಪುಟ ಕಟ್ಟುವ ಮುದ್ರಣಾಲಯದ ರೂಢಿಗೂ ವಿಂಡೋಸ್ ಬೇಕಾಗಬಹುದು. ಅದಕ್ಕಾಗಿ ಕಚೇರಿಯಲ್ಲಿ ಪರವಾನಗಿಯುಳ್ಳ ಒಂದು ಯಂತ್ರವನ್ನು ಇಟ್ಟುಕೊಂಡರೆ ಸಾಕು. ಒಂದರ ಅಗತ್ಯಕ್ಕಾಗಿ ಇಪ್ಪತ್ತನ್ನು ಕಟ್ಟಿಹಾಕಬೇಕಾಗಿಲ್ಲ.

“ಕೆಟ್ಟರೆ ನೋಡುವವರು ಯಾರು?” ಎಂಬುದು ಮೂರನೆಯದು, ಇದೇ ಬಲವಾದ ಆಕ್ಷೇಪ. ಲಿನಕ್ಸನ್ನು ಅರಿತ ದುರಸ್ತಿಗಾರರು ನಮ್ಮ ಕಡೆ ಕಡಮೆ. ಆದುದರಿಂದ ಎಲ್ಲ ಯಂತ್ರಗಳೂ ಒಂದೇ ಮಾದರಿಯವಾಗಿರಬೇಕು, ಎಲ್ಲದರಲ್ಲಿಯೂ ಒಂದೇ ವಿತರಣೆಯಿರಬೇಕು, ಇಬ್ಬರು ಶಿಕ್ಷಕರೂ ಮೇಲಿನ ತರಗತಿಯ ನಾಲ್ವರು ವಿದ್ಯಾರ್ಥಿಗಳೂ ಸ್ಥಾಪನೆಯನ್ನು ಕೈಯಾರೆ ಕಲಿತಿರಬೇಕು. ಒಂದು ಯಂತ್ರ ಪೂರ್ತಿ ಕೆಟ್ಟರೆ ಅದರ ಭಾಗಗಳು ಉಳಿದವಕ್ಕೆ ಆಗುತ್ತವೆ. ಹತ್ತು ದಾನಿಗಳು ಹತ್ತು ಬಗೆಯ ಯಂತ್ರ ಕೊಟ್ಟರೆ ಈ ಅನುಕೂಲವಿಲ್ಲ.

ದಾನಿಗಳಲ್ಲಿ ವಿಜ್ಞಾಪನೆ

ವಿಜಯಪುರಕ್ಕೆ ಸಾಧನದ ಸ್ವಾತಂತ್ರ್ಯದ ಪಾಠವನ್ನು ಮೊದಲು ಕಲಿಸಿದವರು ಡಾ. ಫ. ಗು. ಹಳಕಟ್ಟಿಯವರು. ತಾಡಪತ್ರಗಳಲ್ಲಿ ಹುದುಗಿದ್ದ ವಚನಗಳನ್ನು ಊರೂರು ಅಲೆದು ಸಂಗ್ರಹಿಸಿ, ೧೯೨೩ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಬೆಳಕಿಗೆ ತಂದ ಆ ಮಹನೀಯರು, ಪರರ ಮುದ್ರಣಾಲಯದ ಅನುಕೂಲವನ್ನು ಕಾದು ಕೂಡದೆ, ಮನೆಯನ್ನೇ ಮಾರಿ ೧೯೨೫ರಲ್ಲಿ ಹಿತಚಿಂತಕ ಮುದ್ರಣಾಲಯವನ್ನು ಸ್ಥಾಪಿಸಿದರು, ಮರುವರ್ಷ ‘ಶಿವಾನುಭವ’ ಪತ್ರಿಕೆಯನ್ನು ಆರಂಭಿಸಿದರು. ಅಚ್ಚಿನ ಮೊಳೆಯು ತಮ್ಮ ಕೈಯಲ್ಲಿದ್ದುದರಿಂದಲೇ ವಚನಗಳು ಜನರ ಕೈಗೆ ಬಂದವು. ಇಂದು ಆ ಮೊಳೆಯ ಸ್ಥಾನದಲ್ಲಿ ತಂತ್ರಾಂಶವಿದೆ. ಅದು ನಮ್ಮ ಕೈಯಲ್ಲಿರಬೇಕು.

ಆದುದರಿಂದ ದಾನಿಗಳಲ್ಲಿ ಮೂರು ಬಿನ್ನಹಗಳು. ಮೊದಲನೆಯದು, ಒಂದು ಬೆಲೆಯುಳ್ಳ ಯಂತ್ರದ ಹಣದಲ್ಲಿ ಬಳಸಿದ ಎರಡು ಗಟ್ಟಿ ಯಂತ್ರಗಳು ಬರುವುದಾದರೆ ಎರಡನ್ನೇ ಆರಿಸಿರಿ. ಇಬ್ಬರು ಮಕ್ಕಳಿಗೆ ಸಿಕ್ಕಿತು. ಎರಡನೆಯದು, ಯಂತ್ರದ ಜೊತೆಗೆ ಹೊಸ ಬ್ಯಾಟರಿ ಮತ್ತು ಎಸ್.ಎಸ್.ಡಿ.ಗಾಗಿ ಒಂದು ಚಿಕ್ಕ ನಿಧಿಯನ್ನೂ ಸಲ್ಲಿಸಿರಿ. ಗುಡಿ ಕಟ್ಟಿಸಿದವನು ದೀಪದೆಣ್ಣೆಗೂ ದತ್ತಿ ಬಿಡುತ್ತಿದ್ದ ಪದ್ಧತಿಯೇ ಇದು. ಮೂರನೆಯದು, ಬೆಂಗಳೂರು, ಪುಣೆ ಮೊದಲಾದ ನಗರಗಳಲ್ಲಿ ಉದ್ಯೋಗದಲ್ಲಿರುವ ಹಳೆಯ ವಿದ್ಯಾರ್ಥಿಗಳು, ತಮ್ಮ ಕಂಪನಿಯು ಒಂದೇ ಮಾದರಿಯ ಹಳೆಯ ಲ್ಯಾಪ್‌ಟಾಪುಗಳನ್ನು ವಿಲೇವಾರಿ ಮಾಡುವಾಗ ಶಾಲೆಗೆ ತಿಳಿಸಿರಿ. ವರ್ಷಕ್ಕೆ ಎರಡು ದಿನ ಬಂದು ಸ್ಥಾಪನೆಯನ್ನು ಮಕ್ಕಳಿಗೆ ಕಲಿಸಿರಿ. ಹಣದ ದಾನಕ್ಕಿಂತ ಈ ವಿದ್ಯಾದಾನದ ಕೊರತೆಯೇ ಶಾಲೆಗೆ ಹೆಚ್ಚಾಗಿದೆ.

ಯಂತ್ರದ ಹೊರಗವಚದ ಮೇಲೆ ದಾನಿಗಳ ಹೆಸರು ಇರಲಿ, ಬೇಡವೆನ್ನುವುದಿಲ್ಲ. ಆ ಹೆಸರನ್ನು ಹತ್ತು ವರ್ಷಗಳ ಅನಂತರವೂ ಓದಲು ಆ ಯಂತ್ರವು ಮಗುವಿನ ಕೈಯಲ್ಲಿ ನಡೆಯುತ್ತಿರಬೇಕು. ಅಂಥ ಆಯ್ಕೆಯನ್ನು ಮಾಡುವ ವಿವೇಕವು ನಮ್ಮ ಸಮಾಜಕ್ಕೆ ಇದೆಯೆಂಬ ವಿಶ್ವಾಸದಿಂದ ಈ ಬರಹವನ್ನು ಇಲ್ಲಿಗೆ ನಿಲ್ಲಿಸುತ್ತೇನೆ.